ನಮ್ಮನೆ ಟಿವಿ, ನಮ್ಮಣ್ಣನ ಡ್ರಮ್ಮು

ನಮ್ಮ ತಾರಸಿ ಮೇಲೆ ಬಟ್ಟೆ ಒಣಗಾಕೋ ಹಗ್ಗದ ಒಂದು ತುದಿ ಕಟ್ಟಿರೋ ಕಬ್ಬಿಣದ ಕಂಬಿ ನೋಡಿದೀರಲ್ಲ? ಹೋದ ವಾರ ಪಕ್ಕದ ಮನೆ ಸೊಸೆ ಕೇಳಿದ್ಳು, "ಇದೇನಕ್ಕ ಇಷ್ಟೆತ್ತರದ ಕಂಬಿ, ಬಟ್ಟೆ ಹಾಕಕ್ಕೆ ಇಷ್ಟು ಬೇಕಾ?" ಅಂತ. ಅದು ಬಟ್ಟೆಗೆ ನೆಟ್ಟಿದ್ದಲ್ಲ ಕಣಮ್ಮ, ಟಿವಿ ಆಂಟೆನಾದ್ದು ಅಂದೆ. ಆ ಹುಡುಗಿಗೆ ಆಂಟೆನಾ ಅಂದ್ರೆ ಏನು ಅಂತ ಮೊದಲಿಂದ ಹೇಳಬೇಕಾಯ್ತು. ಹೇಳ್ತಾ ಹೇಳ್ತಾ ನಮ್ಮಣ್ಣನ ವಿಷಯ ಬಂತು. ಅಲ್ಲಿಗೆ ಬಂದಾಗ ಮಾತು ನಿಲ್ಲಿಸಿ, ಒಲೆ ಮೇಲೆ ಸಾರಿದೆ ಅಂತ ಸುಳ್ಳು ಹೇಳಿ ಕೆಳಗಿಳಿದು ಬಂದೆ. ಅವಳಿಗೆ ಹೇಳದೆ ಉಳಿಸಿಕೊಂಡಿದ್ದನ್ನ ಇಲ್ಲಿ ಬರೀತೀನಿ.

ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಮಾರನೇ ವರ್ಷ ಆಗಸ್ಟ್ 15ಕ್ಕೆ ದೆಹಲಿಯ ರಾಷ್ಟ್ರೀಯ ಕಾರ್ಯಕ್ರಮ ಬಂತು, ಬಣ್ಣವೂ ಬಂತು. ಬಣ್ಣ ಬಂದಿದ್ದು ಸರ್ಕಾರಕ್ಕೆ, ನೆಲಮಂಗಲಕ್ಕಲ್ಲ. ನಮ್ಮೂರಲ್ಲಿ ಆಗ ಟಿವಿ ಇದ್ದ ಮನೆ ಬೆರಳಲ್ಲಿ ಎಣಿಸಬಹುದಿತ್ತು, ಇದ್ದವೂ ಕಪ್ಪು ಬಿಳುಪಿನವು. ನಮ್ಮನೆಗೆ ಬಂದಿದ್ದು 1984ರ ಗೌರಿ ಹಬ್ಬಕ್ಕೆ. ಅಪ್ಪನ ರಾಗಿ ಮಿಲ್ಲಲ್ಲಿ ಆ ವರ್ಷ ನಾಕು ಕಾಸು ಉಳಿದಿತ್ತು. ಡಯನೋರಾ ಟಿವಿ, ಮರದ ಪೆಟ್ಟಿಗೆ, ಎಳೆದು ಮುಚ್ಚೋ ಬಾಗಿಲು. ಅಮ್ಮ ಅದಕ್ಕೂ ಅರಿಸಿನ ಕುಂಕುಮ ಇಟ್ಟು, ಮೇಲೊಂದು ಹೆಣೆದ ಬಟ್ಟೆ ಹಾಸಿದ್ರು. ಎರಡೇ ತಿಂಗಳಿಗೆ ಇಂದಿರಾ ಗಾಂಧಿ ತೀರಿಹೋದ್ರು. ಆವತ್ತು ನಮ್ಮ ಪಡಸಾಲೆಯಲ್ಲಿ ಎಷ್ಟು ಜನ ಅತ್ತರು ಅಂದ್ರೆ, ಸ್ವಂತ ಮನೆ ಸಾವಿಗೂ ಅಷ್ಟು ಜನ ಸೇರಿರಲಿಲ್ಲ.

ನೆಲಮಂಗಲದಿಂದ ಬೆಂಗಳೂರು ಇಪ್ಪತ್ತೇಳು ಇಪ್ಪತ್ತೆಂಟು ಕಿಲೋಮೀಟರು. ಆದರೂ ಚಿತ್ರ ನೆಟ್ಟಗೆ ನಿಲ್ತಿರಲಿಲ್ಲ. ಬೆಂಗಳೂರು ನಮಗೆ ಆಗ್ನೇಯಕ್ಕೆ, ಅಂದ್ರೆ ಅಗ್ನಿಮೂಲೆಗೆ. ಎಲ್ಲರ ಮನೆ ಒಲೆ ಇರೋ ಮೂಲೆಗೇ ಎಲ್ಲರ ಮನೆ ಆಂಟೆನಾನೂ ತಿರುಗಿ ನಿಂತಿರ್ತಿತ್ತು. ಗಾಳಿ ಬೀಸಿದ್ರೆ, ಕಾಗೆ ಕೂತ್ರೆ ಮುಗೀತು, ಪರದೆ ಮೇಲೆ ರವೆ ಸುರಿದಂಗೆ. ಅಣ್ಣ ತಾರಸಿ ಹತ್ತಿ ಕಂಬಿ ತಿರುಗಿಸೋನು. ನಾನು ಮೆಟ್ಟಿಲ ಹತ್ತಿರ ನಿಂತು, ಒಳಗಿಂದ ಅಮ್ಮ ಹೇಳಿದ್ದನ್ನ ಅವನಿಗೆ ಕೂಗಿ ಹೇಳಬೇಕು. "ಬಂತು... ಬಂತು... ಹೋಯ್ತು... ಇನ್ನೊಂಚೂರು... ಬಿಡು ಬಿಡು ಬಿಡು!" ಇಷ್ಟೆಲ್ಲ ಮಾಡಿ ಅವನು ಕೆಳಗಿಳಿದು ಬರೋ ಹೊತ್ತಿಗೆ ಹಾಡು ಮುಗಿದಿರೋದು. ಪಾಪ, ಚಿತ್ರಮಂಜರಿಯ ಎಷ್ಟೋ ಹಾಡನ್ನ ಅವನು ತಾರಸಿ ಮೇಲೆ ನಿಂತು ಬರೀ ಕಿವಿಯಲ್ಲಿ ಕೇಳಿದ್ದು.

ಪಡಸಾಲೆಯಲ್ಲಿ ಯಾರೆಲ್ಲಿ ಕೂರಬೇಕು ಅನ್ನೋದನ್ನ ಯಾರೂ ಬರೆದು ಹಾಕಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅಪ್ಪನಿಗೆ ಕುರ್ಚಿ. ಅಜ್ಜಿ ಗೋಡೆಗೆ ಒರಗಿ, ಪಕ್ಕದಲ್ಲಿ ಎಲೆ ಅಡಿಕೆ ಚೀಲ. ಬೀದಿ ಹೆಂಗಸರು ಚಾಪೆ ಮೇಲೆ, ಅವರೆಕಾಯಿ ಕಾಲದಲ್ಲಿ ಮೊರ ತೊಡೆ ಮೇಲಿಟ್ಟುಕೊಂಡು. ಕೇರಿಯ ಜನ ಬಂದ್ರೆ ಹೊರಗೆ ಜಗಲಿ ಮೇಲೆ, ಕಿಟಕಿಯಿಂದ ನೋಡೋರು. ಅದರಲ್ಲಿ ಒಬ್ಬ ತಾತ ಇದ್ದ. ಮಾರಮ್ಮನ ಹಬ್ಬಕ್ಕೆ, ಮದುವೆಗೆ, ಸಾವಿಗೆ ತಮಟೆ ಬಡಿಯೋನು. ನಾವು ತಮಟೆ ತಾತ ಅಂತಿದ್ವಿ. ಸಾರಿ ಹೇಳೋ ಕೆಲಸವೂ ಅವನದೇ. ಅವನಿಗೆ ಜಗಲಿಯಲ್ಲಿ ಬೇರೆ ಲೋಟದಲ್ಲಿ ಕಾಫಿ. ಆ ಲೋಟ ಜಗಲಿ ಸಂದಿಯಲ್ಲೇ ಇರ್ತಿತ್ತು. ಈಗ ಬರೆಯೋಕೆ ನಾಚಿಕೆ ಆಗುತ್ತೆ, ಆದ್ರೆ ಇದ್ದಿದ್ದು ಹಂಗೇ.

1985ರಲ್ಲೋ ಏನೋ, ಒಂದು ಸಂಜೆ. ಕೃಷಿಯ ಮಾತು ಮುಗಿದಿತ್ತು. ಇದ್ದಕ್ಕಿದ್ದಂಗೆ ಬೆಂಗಳೂರಿನ ನಾಲ್ಕು ಜನ ಕಾಲೇಜು ಹುಡುಗರು ಪರದೆ ಮೇಲೆ ಬಂದ್ರು. ಕೂದಲು ಕತ್ತಿನ ತನಕ. ಇಬ್ಬರ ಕೈಯಲ್ಲಿ ಗಿಟಾರು, ಅದಕ್ಕೆ ವೈರು. ಒಬ್ಬ ಹಿಂದೆ ಐದಾರು ಡ್ರಮ್ಮು, ಎರಡು ಮೂರು ತಟ್ಟೆ ಇಟ್ಟುಕೊಂಡು ಕೂತಿದ್ದ. ಇಂಗ್ಲಿಷ್ ಹಾಡು. ಒಂದಕ್ಷರ ಅರ್ಥ ಆಗಲಿಲ್ಲ. ಶುರು ಮಾಡಿದ್ದೇ ತಡ, ಟಿವಿ ಮೇಲಿದ್ದ ಹಿತ್ತಾಳೆ ನವಿಲು ಗುಂಯ್ ಅಂತು.

ಬಿಡಿಸ್ತಿದ್ದ ಕಾಯಿ ಬಿಟ್ಟು ಹೆಂಗಸರೆಲ್ಲ ನಕ್ಕಿದ್ದೇ ನಕ್ಕಿದ್ದು. "ಹೊಟ್ಟೆ ನೋವಾ ಅವರಿಗೆ?" ಅಂದ್ರು ನಮ್ಮ ದೊಡ್ಡಮ್ಮ. ಅಪ್ಪ, "ಆರಿಸ್ಲಾ ಅದನ್ನ, ಗಿರಣಿ ಸದ್ದು ಸಾಲ್ದು ಅಂತ ಇದೊಂದು" ಅಂದ್ರು. ಅಣ್ಣ ಆರಿಸೋಕೆ ಎದ್ದ, ಆದ್ರೆ ಗುಂಡಿ ಹತ್ರ ಹೋಗಿ ಕೈ ಅಲ್ಲೇ ಇಟ್ಟುಕೊಂಡು ನಿಂತುಬಿಟ್ಟ. ಆಗ ಅಜ್ಜಿ, ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡೇ, "ಇರ್ಲಿ ಬುಡ್ಲಾ, ಇದು ನಮ್ ಮಾರಮ್ಮನ ತಮಟೆ ಏಟು ಇದ್ದಂಗೈತೆ" ಅಂದ್ರು. ಕಿಟಕಿಯಾಚೆಯಿಂದ ತಮಟೆ ತಾತ, "ಊ ಕಣವ್ವ. ನಾಕೇಟು. ಎರಡ್ನೇದು ನಾಕ್ನೇದು ಬಿಗಿಯಾಗಿ ಬುಡ್ತಾವ್ನೆ" ಅಂದ.

ಅವನು ಹೇಳಿದ್ದು ಸರಿಯಾಗೇ ಇತ್ತು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ. ರಾಕ್ ಸಂಗೀತದ ಲೆಕ್ಕ ಹೆಚ್ಚಿನಂಶ ಅಷ್ಟೇ: ನಾಲ್ಕು ಏಟು, ಎರಡು ಮತ್ತು ನಾಲ್ಕರ ಮೇಲೆ ಒತ್ತು. ಕಾಲಲ್ಲಿ ದೊಡ್ಡ ಡ್ರಮ್ಮು, ಎಡಗೈಯಲ್ಲಿ ಸಣ್ಣ ಡ್ರಮ್ಮು, ಬಲಗೈ ತಟ್ಟೆ ಮೇಲೆ. ಕರಿ ಜನರ ಹಾಡು, ಹಳ್ಳಿ ಕಡೆಯ ಬಿಳಿ ಜನರ ಹಾಡು ಎರಡೂ ಸೇರಿ 1950ರ ಸುಮಾರಿಗೆ ಅಮೆರಿಕದಲ್ಲಿ ಹುಟ್ಟಿದ್ದು, ಇಂಗ್ಲೆಂಡಿಗೆ ಹೋಗಿ ಬೆಳೆದಿದ್ದು. ಬೆಂಗಳೂರಿಗೆ ಅದು ನಮಗಿಂತ ಎಷ್ಟೋ ಮುಂಚೆ ಬಂದಿತ್ತು. ದಂಡಿನ ಕಡೆ ಚರ್ಚುಗಳಿದ್ವು, ಪಿಯಾನೋ ಗಿಟಾರು ಕಲಿಸೋ ಮನೆಗಳಿದ್ವು, ಬ್ರಿಟಿಷರ ಕಾಲದಲ್ಲಿ ಕಬ್ಬನ್ ಪಾರ್ಕಿನ ಬ್ಯಾಂಡ್ ಸ್ಟ್ಯಾಂಡಿನಲ್ಲಿ ಪಲ್ಟನ್ನಿನ ಬ್ಯಾಂಡು ನುಡಿಸೋರು. ಆಂಗ್ಲೋ ಇಂಡಿಯನ್ ಮನೆ ಹುಡುಗರು, ಕಾನ್ವೆಂಟ್ ಕಾಲೇಜಿನ ಹುಡುಗರು ಎಪ್ಪತ್ತರ ದಶಕದಲ್ಲೇ ಬ್ಯಾಂಡು ಕಟ್ಟಿದ್ರು. ಪೇಟೆ ಕಡೆಯವರಿಗೇ ಅದು ದೂರ. ತುಮಕೂರು ರಸ್ತೆಯಲ್ಲಿ ರಾಗಿ ಬೀಸೋ ನಮಗೆ ಎಲ್ಲಿಂದ ಗೊತ್ತಾಗಬೇಕು?

ಗಿಟಾರ್ ಅನ್ನೋದನ್ನ ಮಾತ್ರ ಒಂದು ಕನ್ನಡ ಸಿನಿಮಾ ಮೊದಲೇ ತೋರಿಸಿತ್ತು. ಶಂಕರ್ ನಾಗ್ ಅವರ 'ಗೀತಾ', 1981ರದ್ದು, ಇಳಯರಾಜಾ ಸಂಗೀತ. ಅದರ ಹಾಡುಗಳು ಚಿತ್ರಮಂಜರಿಯಲ್ಲಿ ಬಂದ್ರೆ ಬೀದಿಯ ಹುಡುಗರೆಲ್ಲ ಎದ್ದು ನಿಲ್ತಿದ್ರು. ಶಂಕರ್ ನಾಗ್ ಗಿಟಾರ್ ಹಿಡಿದರೆ ನಮ್ಮ ದೊಡ್ಡಮ್ಮ ನಗ್ತಿರಲಿಲ್ಲ, "ಎಷ್ಟು ಲಕ್ಷಣವಾಗವ್ನೆ" ಅಂತಿದ್ರು. ಅದೇ ಗಿಟಾರು, ಅದೇ ಡ್ರಮ್ಮು. ಕನ್ನಡದ ಹುಡುಗ ಕನ್ನಡದ ಮಾತಲ್ಲಿ ಹಾಡಿದ್ರೆ ಸಿನಿಮಾ, ಅರ್ಥ ಆಗದ ಮಾತಲ್ಲಿ ಹಾಡಿದ್ರೆ ಹೊಟ್ಟೆ ನೋವು.

ಅಣ್ಣ ಮಾತ್ರ ಆ ಸಂಜೆಯಿಂದ ಬೇರೆಯವನಾದ. ಮೊದಲೇ ಕೈ ಸುಮ್ಮನಿರದ ಹುಡುಗ. ಮಿಲ್ಲಿನ ಬೆಲ್ಟು ಟಪಾ ಟಪಾ ಅಂತ ಓಡುವಾಗ ಅದರ ಲಯಕ್ಕೆ ಡಬ್ಬ ಬಡಿಯೋನು. ಈಗ ಮನೆ ಪಾತ್ರೆ ಒಂದೂ ಬಿಡಲಿಲ್ಲ. ಕೊಳದಪ್ಪಲೆ ಬೋರಲು ಹಾಕಿ ದೊಡ್ಡ ಡ್ರಮ್ಮು, ಸೇರು ಸಣ್ಣ ಡ್ರಮ್ಮು, ಮುಚ್ಚಳ ತಟ್ಟೆ. ಅಮ್ಮನ ಹಿಟ್ಟಿನ ದೊಣ್ಣೆ ಒಂದು ಕೈಗೆ, ಸಾರಿನ ಸೌಟು ಇನ್ನೊಂದಕ್ಕೆ. ಮುದ್ದೆ ತಿರುವೋ ಹೊತ್ತಿಗೆ ದೊಣ್ಣೆ ಹುಡುಕಿ ಹುಡುಕಿ ಅಮ್ಮ ಬೈಯ್ಯೋರು. ಡಿಸೆಂಬರ್ 31ರ ರಾತ್ರಿ ದೂರದರ್ಶನದಲ್ಲಿ ಹನ್ನೆರಡು ಗಂಟೆ ತನಕ ಹಾಡು ಕುಣಿತ ಇರ್ತಿತ್ತಲ್ಲ, ಅದಕ್ಕೆ ಇಡೀ ವರ್ಷ ಕಾಯೋನು. ಉಷಾ ಉತ್ತುಪ್ ಬಂದ್ರೆ ನಮಗೆ ಖುಷಿ, ಆಯಮ್ಮ ಕಾಂಜೀವರಂ ಸೀರೆ ಉಟ್ಟು ದೊಡ್ಡ ಬೊಟ್ಟಿಟ್ಟು ಹಾಡ್ತಾರೆ ಅಂತ. ಅವನು ನೋಡ್ತಿದ್ದಿದ್ದು ಅವರ ಹಿಂದೆ ಕತ್ತಲಲ್ಲಿ ಡ್ರಮ್ ಬಾರಿಸೋನನ್ನ. ಕ್ಯಾಮೆರಾ ಅವನ ಕಡೆ ತಿರುಗೋದು ನಾಕು ಸೆಕೆಂಡು. ಅಷ್ಟಕ್ಕೆ ಕಾದು ಕೂರೋನು.

ಡ್ರಮ್ ಕಲಿಸೋರು ನೆಲಮಂಗಲದಲ್ಲಿ ಎಲ್ಲಿದ್ರು? ಒಬ್ಬನೇ ಒಬ್ಬ ಇದ್ದ, ಕಿಟಕಿಯಾಚೆ ಕೂತಿದ್ದ.

ಕಾಲೇಜು ಮುಗಿಸಿ ಸಂಜೆ ಅಣ್ಣ ಕೇರಿಗೆ ಹೋಗೋಕೆ ಶುರು ಮಾಡಿದ. ಒಂದು ಸಲ ನಾನು ಹಿಂದೆ ಹಿಂದೆ ಹೋಗಿ ಹುಣಸೆ ಮರದ ಮರೆಯಲ್ಲಿ ನಿಂತು ನೋಡಿದ್ದೆ. ತಾತ ಒಣ ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸ್ತಿದ್ದ. ಚರ್ಮ ಬಿಗಿ ಆದ್ರೇನೇ ನಾದ ಬರೋದು; ಬೆರಳಲ್ಲಿ ತಟ್ಟಿ ನೋಡೋದು, ಮತ್ತೆ ಕಾಯಿಸೋದು. ಹಪ್ಪಳ ಸುಡ್ತೀವಲ್ಲ, ಹಂಗೆ ತಿರುಗಿಸಿ ತಿರುಗಿಸಿ. ಆಮೇಲೆ ಎಡ ಹೆಗಲಿಗೆ ಒರಗಿಸಿಕೊಂಡು, ಬಲಗೈಲಿ ದಪ್ಪ ಕಡ್ಡಿ, ಎಡಗೈಲಿ ಬಿದಿರಿನ ತೆಳ್ಳನೆ ಸೀಳು. ದಪ್ಪದ್ದು ಏಟು ಹಾಕುತ್ತೆ, ತೆಳ್ಳಂದು ಸಂದಿ ತುಂಬುತ್ತೆ. "ಕೈಯಿಂದ ಹೊಡೀಬ್ಯಾಡ ಕಣಪ್ಪ, ಮಣಿಕಟ್ಟಿಂದ ಬುಡು. ನೀನು ಸುಮ್ಕಿರೋದ್ರಲ್ಲೇ ಐತೆ ಆಟ" ಅಂತಿದ್ದ ತಾತ. ಅವನ ಲೋಟದಲ್ಲಿ ಅಣ್ಣ ಟೀ ಕುಡಿದಿದ್ದೂ ನೋಡಿದೆ.

ನಾನು ಎರಡು ವರ್ಷ ಯಾರಿಗೂ ಹೇಳಿರಲಿಲ್ಲ. ಹೇಳಿದ್ದು 1987ರಲ್ಲಿ, ಒಂದು ಸಿನಿಮಾ ಸಿಟ್ಟಿಗೆ. ಆ ವರ್ಷ ವಿನೋದ್ ರಾಜ್ ಅವರ 'ಡ್ಯಾನ್ಸ್ ರಾಜಾ ಡ್ಯಾನ್ಸ್' ಬಂದಿತ್ತು. (ಅದೇ ನಮ್ಮ ಲೀಲಾವತಿಯಮ್ಮನ ಮಗ. ಆಮೇಲೆ ತಾಯಿ ಮಗ ನಮ್ಮ ಸೋಲದೇವನಹಳ್ಳಿಯ ತೋಟದಲ್ಲೇ ನೆಲೆ ನಿಂತ್ರಲ್ಲ.) ಕರ್ಕೊಂಡು ಹೋಗ್ತೀನಿ ಅಂತ ಮಾತು ಕೊಟ್ಟಿದ್ದ ಅಣ್ಣ ಗೆಳೆಯರ ಜೊತೆ ಹೋಗಿ ಬಂದ. ನಾನು ಜಡೆ ಹಾಕ್ಕೊಂಡು, ಹೂವು ಮುಡ್ಕೊಂಡು, ಬಾಗಿಲಲ್ಲಿ ಕಾದು ಕೂತಿದ್ದೆ. ಹದಿನಾಲ್ಕು ವರ್ಷ ನನಗೆ. ರಾತ್ರಿ ಅಪ್ಪ ಊಟಕ್ಕೆ ಕೂತಾಗ, ಬಸ್ಸಾರು ಬಡಿಸ್ತಾ ಬಡಿಸ್ತಾ, "ಅಣ್ಣ ಕೇರಿಗೆ ಹೋಗಿ ತಮಟೆ ಕಲೀತವ್ನೆ" ಅಂದೆ. ಅಷ್ಟೇ ಅಂದಿದ್ದು.

ಅಪ್ಪ ಕೈ ತೊಳೆದು ಎದ್ರು. ಮಿಲ್ಲಿನ ಹಳೇ ಬೆಲ್ಟಿನ ತುಂಡು ಬಾಗಿಲ ಹಿಂದೆ ನೇತು ಹಾಕಿರ್ತಿತ್ತು. "ತಮಟೆ ಬಡಿಯೋದು ನಮ್ಮ ವಂಶದ ಕೆಲಸವೇನ್ಲಾ?" ಅನ್ನೋದೊಂದು ಮಾತು, ಬೆಲ್ಟಿನದೊಂದು ಏಟು. ಅಜ್ಜಿ ಅಡ್ಡ ಬಂದು ಅವರ ಕೈಗೂ ಬಿತ್ತು. ಅಣ್ಣ ಬಾಯಿ ಬಿಡಲಿಲ್ಲ. ಮಾರನೇ ದಿನ ಅಪ್ಪ ತಾತನನ್ನ ಜಗಲಿ ಹತ್ರಾನೂ ಸೇರಿಸಬೇಡಿ ಅಂದ್ರು. ಸಂದಿಯಲ್ಲಿದ್ದ ಲೋಟ ತಿಪ್ಪೆಗೆ ಹೋಯ್ತು.

ಆ ಭಾನುವಾರವೇ ಅಣ್ಣ ಮನೆ ಬಿಟ್ಟ. ಆಗ ರಾಮಾಯಣದ ಕಾಲ, ಜನವರಿಯಿಂದ ಶುರುವಾಗಿತ್ತಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ಊರೆಲ್ಲ ಟಿವಿ ಮುಂದೆ, ಬೀದಿಯಲ್ಲಿ ನಾಯಿಯೂ ಇರ್ತಿರಲಿಲ್ಲ. ನಮ್ಮನೆಯಲ್ಲಿ ಐವತ್ತು ಜನ ಇದ್ರು, ಊದಿನಕಡ್ಡಿ ಹಚ್ಚಿ ಕೈಮುಗಿದು ಕೂತಿದ್ರು. ಮನೆ ತುಂಬ ಜನ ಇದ್ದಾಗಲೇ, ಹಿತ್ತಿಲ ಬಾಗಿಲಿಂದ ಒಂದು ಚೀಲ ಹಿಡಿದು ಹೋದ. ಬಸ್ ಸ್ಟ್ಯಾಂಡಿನಲ್ಲೂ ನೋಡಿದೋರಿಲ್ಲ. ಮುಗಿದ ಮೇಲೆ ಚಿತ್ರ ಕುಣಿಯೋಕೆ ಶುರುವಾಯ್ತು. ಅಮ್ಮ, "ಲೇ, ಆಂಟೆನಾ ನೋಡ್ಲಾ" ಅಂತ ಕೂಗಿದ್ರು. ಇನ್ನೊಂದು ಸಲ ಕೂಗಿದ್ರು. ಮೂರನೇ ಸಲ ನಾನೇ ತಾರಸಿ ಹತ್ತಿದೆ.

ಮೂರು ವರ್ಷ. ಬೆಂಗಳೂರಲ್ಲಿ ಯಾವುದೋ ಆರ್ಕೆಸ್ಟ್ರಾದಲ್ಲಿ ಡ್ರಮ್ ಬಾರಿಸ್ತಾನಂತೆ ಅಂತ ಆಗಾಗ ಸುದ್ದಿ ಬರ್ತಿತ್ತು. ಅಪ್ಪ ಕೇಳಿಸಿಕೊಂಡು ಕೇಳಿಸದಂಗೆ ಇರೋರು. ನಾನು ಗುಟ್ಟಾಗಿ ಒಂದು ಕೆಲಸ ಮಾಡ್ತಿದ್ದೆ. ಅಮೆರಿಕದ ಗ್ರ್ಯಾಮಿ ಪ್ರಶಸ್ತಿ ಸಮಾರಂಭವನ್ನ ದೂರದರ್ಶನ ರಾತ್ರಿ ಹೊತ್ತು ತೋರಿಸೋದು. ಎಲ್ಲರೂ ಮಲಗಿದ ಮೇಲೆ ಸದ್ದು ಪೂರ್ತಿ ಕಮ್ಮಿ ಮಾಡಿ ನೋಡೋಳು. ಹಾಡು ಕೇಳೋಕಲ್ಲ. ಹಿಂದೆ ಕೂತು ಡ್ರಮ್ ಬಾರಿಸೋರನ್ನ ನೋಡೋಕೆ. ಅಣ್ಣನೂ ಎಲ್ಲೋ ಒಂದು ಕಡೆ ಹಿಂಗೇ ಹಿಂದೆ ಕೂತಿರ್ತಾನೆ ಅಂತ. ನನಗೆ ರಾಕ್ ಪರಿಚಯ ಆಗಿದ್ದು ಹಿಂಗೆ, ಸದ್ದಿಲ್ಲದೆ.

1990ರ ಸೆಪ್ಟೆಂಬರ್ 30. ದಾವಣಗೆರೆ ಹತ್ರ ಆನಗೋಡಿನಲ್ಲಿ ಶಂಕರ್ ನಾಗ್ ಅಪಘಾತದಲ್ಲಿ ಹೋದ್ರು. ಮೂವತ್ತೈದು ವರ್ಷ. ಟಿವಿಯಲ್ಲಿ ಸುದ್ದಿ ಬಂದಾಗ ಬೀದಿ ಹುಡುಗರು ಹೋ ಅಂತ ಅತ್ತರು. ಅಮ್ಮ ಅಳಲಿಲ್ಲ. ಆ ರಸ್ತೆ ನಮ್ಮ ರಸ್ತೆಯೇ ತಾನೇ, ನಮ್ಮೂರು ಹಾದು ತುಮಕೂರು ಚಿತ್ರದುರ್ಗ ದಾಟಿ ದಾವಣಗೆರೆಗೆ ಹೋಗೋ ಹೆದ್ದಾರಿ. ಆರ್ಕೆಸ್ಟ್ರಾದವರೂ ಗಣೇಶನ ಕಾಲದಲ್ಲಿ ರಾತ್ರಿಯೆಲ್ಲ ವ್ಯಾನಿನಲ್ಲಿ ಅದೇ ರಸ್ತೆಯಲ್ಲಿ ಊರೂರು ಓಡಾಡೋರು. ಅಮ್ಮ ಎದ್ದು ಹೋಗಿ ಟಿವಿ ಬಾಗಿಲು ಎಳೆದು ಮುಚ್ಚಿ, ಅಪ್ಪನ ಕಡೆ ತಿರುಗದೆ ಹೇಳಿದ್ರು, "ನನ್ ಮಗ ಈ ಹೊಸ್ತಿಲು ತುಳಿಯೋಗಂಟ ಇದನ್ನ ಯಾರೂ ಹಚ್ಚಂಗಿಲ್ಲ."

ಅಮ್ಮ ಅಪ್ಪನಿಗೆ ಎದುರು ಮಾತಾಡಿದ್ದು ನಾನು ಕಂಡಂಗೆ ಅದೊಂದೇ ಸಲ. ಟಿವಿ ಹಚ್ಚಲಿಲ್ಲ. ಭಾನುವಾರ ಬಂದ ಹೆಂಗಸರು ಬಾಗಿಲಿಂದಲೇ ವಾಪಸ್ ಹೋದ್ರು. ಎರಡು ವಾರ ಅಪ್ಪ ಮಿಲ್ಲು ಮುಚ್ಚಿ ದಿನಾ ಬೆಂಗಳೂರಿಗೆ ಹೋಗಿ ಬರೋರು. ಕಲಾಸಿಪಾಳ್ಯ, ಗಾಂಧಿನಗರ, ಶ್ರೀರಾಂಪುರ, ಎಲ್ಲೆಲ್ಲಿ ಆರ್ಕೆಸ್ಟ್ರಾದವರ ಬೋರ್ಡು ಇತ್ತೋ ಅಲ್ಲೆಲ್ಲ. ಸಿಕ್ಕಿದ ದಿನ ಏನು ಮಾತಾಡಿದ್ರೋ ಇಬ್ಬರೂ ಇವತ್ತಿನ ತನಕ ಬಾಯಿ ಬಿಟ್ಟಿಲ್ಲ, ಅಪ್ಪ ಈಗಿಲ್ಲ. ದೀಪಾವಳಿಗೆ ಅಣ್ಣ ಬಂದ. ಬಸ್ಸಿಳಿದವನು ಮೊದಲು ಕೇರಿಗೆ ಹೋಗಿ ತಾತನಿಗೆ ಪಂಚೆ ಕೊಟ್ಟು, ಆಮೇಲೆ ಮನೆಗೆ ಬಂದ. ಅಪ್ಪನಿಗೆ ಅದು ಗೊತ್ತಾಯ್ತು. ಏನೂ ಅನ್ನಲಿಲ್ಲ. ತಾತ ಮಾತ್ರ ಮತ್ತೆ ನಮ್ಮ ಜಗಲಿಗೆ ಬರಲಿಲ್ಲ. ಕರೆಯೋಕೆ ಯಾರೂ ಹೋಗಲೂ ಇಲ್ಲ.

ಅಣ್ಣ ಡ್ರಮ್ ಬಿಡಲಿಲ್ಲ. ಇಂಗ್ಲಿಷ್ ಹಾಡಿನ ಬ್ಯಾಂಡಿಗೆ ಸೇರೋ ಆಸೆ ಇತ್ತಂತೆ, ಅಲ್ಲಿಗೆ ಬೇಕಾದ ಇಂಗ್ಲಿಷೂ ಇರಲಿಲ್ಲ, ಡ್ರಮ್ ಸೆಟ್ಟೂ ಇರಲಿಲ್ಲ. ಇಪ್ಪತ್ತು ವರ್ಷ ಗಣೇಶನ ಪೆಂಡಾಲು, ರಾಜ್ಯೋತ್ಸವ, ಮದುವೆ ಆರತಕ್ಷತೆ. ಅಣ್ಣಾವ್ರ ಹಾಡಿಗೆ, ಇಳಯರಾಜಾ ಹಾಡಿಗೆ, ಹಂಸಲೇಖ ಹಾಡಿಗೆ. ನಮ್ಮೂರ ಗಣೇಶೋತ್ಸವಕ್ಕೂ ಒಂದು ಸಲ ಬಂದಿದ್ದ. ಹಾಡುಗಾರರ ಹೆಸರು ಮೈಕಲ್ಲಿ ಕೂಗಿದ್ರು, ಡ್ರಮ್ಮಿನವನದ್ದು ಕೂಗಲಿಲ್ಲ. ಅಪ್ಪ ಹಿಂದೆ ಕಡ್ಲೆಕಾಯಿ ಗಾಡಿ ಹತ್ರ ನಿಂತು ಕೊನೇ ತನಕ ನೋಡಿದ್ರು.

2011ರ ಅಕ್ಟೋಬರ್ 30, ಭಾನುವಾರ. ಅರಮನೆ ಮೈದಾನಕ್ಕೆ ಮೆಟಾಲಿಕಾ ಅನ್ನೋ ಅಮೆರಿಕದ ತಂಡ ಬಂದಿತ್ತು. ನನ್ನ ಮಗ ಇಂಜಿನಿಯರಿಂಗ್ ಓದ್ತಿದ್ದ, ಕರಿ ಅಂಗಿ ಹಾಕ್ಕೊಂಡು ಕುಣಿದಾಡ್ತಿದ್ದ. ಅಷ್ಟು ಜನರ ಮಧ್ಯೆ ಒಬ್ಬನೇ ಬೇಡ ಅಂತ ಅಣ್ಣನ ಕಾರಲ್ಲಿ ನಾವಿಬ್ಬರೂ ಹೋದ್ವಿ. ಟಿಕೆಟ್ ಅವನೊಬ್ಬನಿಗೆ. ದಾರಿಯಲ್ಲಿ ಮಗ ಹೇಳ್ತಾ ಬಂದ: ಇದೇ ತಂಡ 1989ರಲ್ಲಿ ಗ್ರ್ಯಾಮಿ ವೇದಿಕೆ ಮೇಲೆ ನುಡಿಸಿತ್ತಂತೆ, ಪ್ರಶಸ್ತಿ ಇವರಿಗೇ ಅಂತ ಎಲ್ಲರೂ ಅಂದುಕೊಂಡಿದ್ರೆ, ಕೊಳಲು ಊದೋನಿದ್ದ ಜೆಥ್ರೋ ಟಲ್ ಅನ್ನೋ ಇನ್ನೊಂದು ತಂಡಕ್ಕೆ ಹೋಯ್ತಂತೆ. ನಾನು ಬಾಯಿ ಬಿಡಲಿಲ್ಲ. ಸದ್ದು ಕಮ್ಮಿ ಮಾಡಿ ಟಿವಿ ನೋಡ್ತಿದ್ದಿದ್ದು ಅಣ್ಣನಿಗೂ ಗೊತ್ತಿಲ್ಲವಲ್ಲ.

ಮಗನನ್ನ ಒಳಗೆ ಬಿಟ್ಟು, ಜಯಮಹಲ್ ರಸ್ತೆ ಕಡೆ ಗೋಡೆ ಪಕ್ಕ ಕಾರು ನಿಲ್ಲಿಸಿಕೊಂಡು, ಮನೆಯಿಂದ ತಂದಿದ್ದ ಚಿತ್ರಾನ್ನ ತಿಂತಾ ಕೂತ್ವಿ. ಅಲ್ಲಿಂದ ಹತ್ರದಲ್ಲೇ ಜೆ.ಸಿ. ನಗರ, ದೂರದರ್ಶನದ ಟವರು. ನಮ್ಮ ಆಂಟೆನಾವನ್ನ ಅಷ್ಟು ವರ್ಷ ಯಾವುದರ ಕಡೆಗೆ ತಿರುಗಿಸಿದ್ವೋ ಅದು. "ಇದಾ ಅದು?" ಅಂದೆ. "ಇದೇ ಕಣೆ" ಅಂದ. ಅಷ್ಟರಲ್ಲಿ ಗೋಡೆಯಾಚೆ ಶುರುವಾಯ್ತು. ಕಾರಿನ ಗಾಜು ಅದುರಿತು. ಅಣ್ಣ ಊಟದ ಡಬ್ಬಿ ಮುಚ್ಚಳ ಮುಚ್ಚಿ, ಸ್ಟೀರಿಂಗ್ ಮೇಲೆ ಎರಡು ಬೆರಳಲ್ಲಿ ಬಡಿಯೋಕೆ ಶುರು ಮಾಡಿದ. ಎರಡನೇದು, ನಾಲ್ಕನೇದು. ನಡುವೆ ಸುಮ್ಮನೆ. ಕಣ್ಣು ಮುಚ್ಚಿದ್ದ.

ಆವತ್ತೇ ಹೇಳಬೇಕು ಅಂತ ಬಾಯಿಗೆ ಬಂದಿತ್ತು. ಹೇಳಲಿಲ್ಲ. ಅಪ್ಪನಿಗೆ ಹೇಳಿದ್ದು ಮಿಲ್ಲಿನ ಆಳು ಅಂತಲೇ ಅಣ್ಣ ಇವತ್ತಿಗೂ ತಿಳ್ಕೊಂಡಿದ್ದಾನೆ. ಆ ಮನುಷ್ಯನ ಜೊತೆ ಸಾಯೋ ತನಕ ಮಾತು ಬಿಟ್ಟಿದ್ದ.

ಅತ್ತಿಗೆ, ನಾನು ಬರೆದಿದ್ದನ್ನೆಲ್ಲ ನೀವು ತಪ್ಪದೆ ಓದ್ತೀರಿ ಅಂತ ಗೊತ್ತು. ಅಣ್ಣನಿಗೆ ಈಗ ಕಣ್ಣು ಮಂಜು, ನೀವೇ ಓದಿ ಹೇಳಬೇಕು. ಊಟ ಆದ ಮೇಲೆ ಓದಿ, ಮುಂಚೆ ಬೇಡ. ಮುಂದಿನ ಭಾನುವಾರ ನಾನು ಹಿತಕಿದ ಅವರೆಬೇಳೆ ತರ್ತೀನಿ.